ನಡುಗಡಲಿನ ಮಿಸ್ಡ್ ಕಾಲ್

ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎಂದು ನಮ್ಮ ಮುತ್ತಜ್ಜನ ಕಾಲದವರು ಹೆದರುತ್ತಿದ್ದರು. ನಮ್ಮ ಕಾಲಕ್ಕೆ ಕೆಡುವುದು ಮೊಬೈಲ್ ಬಿಲ್ಲು. ಅಂದಿನವರಿಗೆ ಒಂದು ಅನುಕೂಲವಾದರೂ ಇತ್ತು. ತಿರುಗಿ ಬಂದ ಮೇಲೆ ಪಂಚಗವ್ಯ ಕುಡಿದು, ಪುರೋಹಿತರ ಕೈಗೆ ದಕ್ಷಿಣೆ ಇಟ್ಟರೆ ದೋಷ ಕಳೆಯುತ್ತಿತ್ತು. ಈಗ ಪುರೋಹಿತರ ಜಾಗದಲ್ಲಿ ಕಸ್ಟಮರ್ ಕೇರ್ ಕೂತಿದೆ. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಅರ್ಧ ಗಂಟೆ ಮಂತ್ರ ಹೇಳಿಸುತ್ತದೆ, ಪ್ರಾಯಶ್ಚಿತ್ತ ಮಾತ್ರ ಹೇಳುವುದಿಲ್ಲ.

ಅಮೆರಿಕದಲ್ಲಿರುವ ಮಕ್ಕಳು ಅಪ್ಪ ಅಮ್ಮನನ್ನು ಕರೆಸಿಕೊಳ್ಳುವುದಕ್ಕೆ ಒಂದು ಪಠ್ಯಕ್ರಮವಿದೆ. ಮೊದಲ ಸಲ ನಯಾಗರಾ. ಎರಡನೆಯ ಸಲ ಗ್ರ್ಯಾಂಡ್ ಕ್ಯಾನಿಯನ್. ಅಷ್ಟರಲ್ಲಿ ಮಂಡಿನೋವು ಕೈಮೀರದಿದ್ದರೆ ಮೂರನೆಯ ಸಲ ಕ್ರೂಸ್. ಮಕ್ಕಳು ಪೂರ್ವ ಕರಾವಳಿಯವರಾದರೆ ಮಯಾಮಿಯಿಂದ ಬಹಾಮಾಸ್ ಕಡೆಗೆ, ಪಶ್ಚಿಮದವರಾದರೆ ಸಿಯಾಟಲ್‌ನಿಂದ ಅಲಾಸ್ಕಾ ಕಡೆಗೆ. ಮೈಸೂರಿನ ಚೆಲುವಾಂಬ ಪಾರ್ಕಿನಲ್ಲಿ ಬೆಳಿಗ್ಗೆ ನಡೆಯುವ ನಮ್ಮ ಗುಂಪಿನಲ್ಲಿ ಈ ಪಠ್ಯಕ್ರಮ ಮುಗಿಸಿದವರು ಸಾಕಷ್ಟು ಜನರಿದ್ದಾರೆ. ಅವರು ಸೇರಿದಾಗ ನೀಲಿ ಸಮುದ್ರದ ಮಾತು ಬರುತ್ತದೆ, ಹಗಲೂ ರಾತ್ರಿ ಬಡಿಸುವ ಊಟದ ಮಾತು ಬರುತ್ತದೆ, ಅಷ್ಟು ಊಟದ ನಡುವೆ ಒಂದು ತುತ್ತು ಸಾರನ್ನ ಸಿಗದ ಮಾತೂ ಬರುತ್ತದೆ. ಎರಡನೆಯ ಸುತ್ತಿಗೆ ಬರುವ ಹೊತ್ತಿಗೆ ಎಲ್ಲರ ದನಿ ತಗ್ಗಿ, ನಿಜವಾದ ವಿಷಯಕ್ಕೆ ಬಂದಿರುತ್ತಾರೆ: "ಫೋನಿಗೆ ಎಷ್ಟು ಬಂತು?"

ಒಬ್ಬರಿದ್ದಾರೆ, ಹೆಸರು ಬೇಡ. ಮಗನ ಫ್ಯಾಮಿಲಿ ಪ್ಲಾನಿನ ಫೋನನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಡೆಕ್ಕಿನ ಮೇಲೆ ಗಾಳಿ ಕುಡಿಯುತ್ತ ಅಡ್ಡಾಡಿದ್ದಷ್ಟೇ ಅವರ ಅಪರಾಧ. ಮುಂದಿನ ತಿಂಗಳ ಬಿಲ್ಲಿನಲ್ಲಿ ನೂರಾರು ಡಾಲರ್ ಹೆಚ್ಚಿಗೆ ಬಂತು. "ನಾನು ತುಟಿ ಪಿಟಕ್ಕೆನ್ನಲಿಲ್ಲಮ್ಮ" ಎಂದು ಅವರು ಇವತ್ತಿಗೂ ಚಾಮುಂಡಿ ಬೆಟ್ಟದ ಕಡೆ ಕೈಮಾಡಿ ಆಣೆ ಹಾಕುತ್ತಾರೆ. ಅವರ ಮಾತು ಸತ್ಯವೇ. ಮಾತಾಡಿದ್ದು ಅವರಲ್ಲ, ಅವರ ಜೇಬು. ಈಗಿನ ಫೋನಿಗೆ ಯಜಮಾನನ ಅಪ್ಪಣೆ ಬೇಕಾಗಿಲ್ಲ. ಬೆಳಿಗ್ಗೆ ತೆಗೆದ ಫೋಟೋಗಳನ್ನು ತಾನಾಗಿಯೇ ಎಲ್ಲಿಗೋ ಸಾಗಿಸಿ ಜೋಪಾನ ಮಾಡುತ್ತದೆ, ಆ್ಯಪುಗಳಿಗೆ ಹೊಸ ಅಂಗಿ ತೊಡಿಸುತ್ತದೆ, ಬಂದ ಚಿತ್ರಗಳನ್ನೆಲ್ಲ ಬಿಚ್ಚಿಬಿಚ್ಚಿ ಒಳಗಿಟ್ಟುಕೊಳ್ಳುತ್ತದೆ. ಊರಿನಲ್ಲಿದ್ದಾಗ ಇದು ಸೇವೆ. ಹಡಗಿನಲ್ಲಿ ಇದೇ ದುಂದುಗಾರಿಕೆ.

ಲೆಕ್ಕ ಹೇಳುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ಲೆಕ್ಕಪತ್ರ ಇಲಾಖೆಯಿಂದ ನಿವೃತ್ತರಾದವರೊಬ್ಬರಿದ್ದಾರೆ, ಅವರ ಜೊತೆ ಬಾಳಿ ನನಗೂ ಆ ರೋಗ ಹತ್ತಿದೆ. ಪ್ಯಾಕೇಜು ಏನೂ ತೆಗೆದುಕೊಳ್ಳದೆ ಹಡಗಿನ ಮೊಬೈಲ್ ಜಾಲಕ್ಕೆ ಸಿಕ್ಕಿಬಿದ್ದರೆ, ಅಮೆರಿಕದ ಕೆಲವು ದೊಡ್ಡ ಕಂಪನಿಗಳ ಬಿಡಿ ದರ ಒಂದು ಎಂಬಿಗೆ 2 ಡಾಲರಿನ ಆಸುಪಾಸು. ಮಾತಾಡಿದರೆ ನಿಮಿಷಕ್ಕೆ ಎರಡೂವರೆ ಮೂರು ಡಾಲರ್, ಕೆಲವರಲ್ಲಿ ಹತ್ತಿರ ಹತ್ತಿರ ಆರು. ಫೋನಿನಲ್ಲಿ ತೆಗೆದ ಒಂದು ಸಾಧಾರಣ ಫೋಟೋ ಮೂರು ಎಂಬಿ ಎಂದರೂ 6 ಡಾಲರ್. ಮಂಜುಗಡ್ಡೆಯ ಮುಂದೆ ನಿಂತು, ಕಣ್ಣು ಮುಚ್ಚಿಕೊಂಡಿದ್ದೀರಿ ಎಂದು ಮತ್ತೊಮ್ಮೆ ತೆಗೆದರೆ ಇನ್ನೊಂದು 6. ಸೂರ್ಯೋದಯ, ಕಮಲದ ಹೂವು, ಕೆಳಗೊಂದು ಸುಭಾಷಿತ ಹೊತ್ತು ಬರುವ ಶುಭೋದಯದ ಚಿತ್ರ 200 ಕೆಬಿ ತೂಗಿದರೂ ಒಂದೊಂದಕ್ಕೆ ಮೂವತ್ತು ರೂಪಾಯಿ ಮೇಲೆಯೇ. ನಾನಿರುವ ಗುಂಪುಗಳಲ್ಲಿ ಬೆಳಕು ಹರಿಯುವ ಮುಂಚೆ ಇಂಥ ಕಮಲಗಳು ಕೆರೆ ತುಂಬುವಷ್ಟು ಅರಳುತ್ತವೆ. ನಮ್ಮ ಅಕ್ಕನ ಮೊಮ್ಮಗಳ ಭರತನಾಟ್ಯದ ತುಣುಕು ಹದಿನೈದು ಎಂಬಿ, ಅಂದರೆ 30 ಡಾಲರ್, ಎರಡೂವರೆ ಸಾವಿರ ರೂಪಾಯಿ. ಆ ಹುಡುಗಿ ಚೆನ್ನಾಗಿಯೇ ಕುಣಿಯುತ್ತಾಳೆ. ಆದರೂ ಎರಡೂವರೆ ಸಾವಿರಕ್ಕೆ ಮುಂದಿನ ಸಾಲಿನ ಕುರ್ಚಿ, ನಡುವೆ ಕಾಫಿ, ಪರದೆ ಬಿದ್ದ ಮೇಲೆ ಕಲಾವಿದೆಯ ಕೈಕುಲುಕುವ ಅವಕಾಶ ಎಲ್ಲ ಇರಬೇಕಾಗಿತ್ತು.

ಇಷ್ಟು ದುಬಾರಿ ಏಕೆ ಎಂದರೆ, ದಡದ ಟವರುಗಳು ನಮ್ಮ ಹಿಂದೆ ಈಜಿಕೊಂಡು ಬರುವುದಿಲ್ಲವಲ್ಲ. ಹಡಗು ತನ್ನ ಟವರನ್ನು ತಾನೇ ಹೊತ್ತುಕೊಂಡು ಹೋಗುತ್ತದೆ. ಕಾರಿಡಾರುಗಳ ಸೂರಿನಲ್ಲಿ ಚಿಕ್ಕ ಚಿಕ್ಕ ಆಂಟೆನಾಗಳಿರುತ್ತವೆ. ಅವು ನಮ್ಮ ಫೋನಿನ ಮಾತನ್ನು ಹಿಡಿದು ಮೇಲಿನ ಡೆಕ್ಕಿಗೆ ದಾಟಿಸುತ್ತವೆ. ಅಲ್ಲಿ ರಾಕ್ಷಸರ ಮದುವೆಗೆ ಬೇಯಿಸಿದ ಇಡ್ಲಿಗಳ ಹಾಗೆ ದೊಡ್ಡ ಬಿಳಿ ಗುಮ್ಮಟಗಳು ಕೂತಿರುತ್ತವೆ, ಅವುಗಳೊಳಗೆ ಉಪಗ್ರಹದ ಕಡೆ ಮುಖಮಾಡಿದ ತಟ್ಟೆಗಳು. ಮಾತು ಅಲ್ಲಿಂದ ಉಪಗ್ರಹಕ್ಕೆ ಏರಿ, ಭೂಮಿಯ ಯಾವುದೋ ಮೂಲೆಯ ನೆಲೆಗೆ ಇಳಿದು, ಅಲ್ಲಿಂದ ಮೈಸೂರಿಗೆ ಬರಬೇಕು. ಹಳೆಯ ಮಾದರಿಯ ಉಪಗ್ರಹಗಳು ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಅಲುಗಾಡದೆ ನಿಂತಂತೆ ಕಾಣುವಂಥವು. ಅಷ್ಟು ದೂರ ಹೋಗಿ ಬರುವಷ್ಟರಲ್ಲಿ ಬೆಳಕಿಗೂ ಹೊತ್ತಾಗುತ್ತದೆ. "ಹಲೋ" ಎಂದರೆ ಅರ್ಧ ಸೆಕೆಂಡು ಉತ್ತರವಿಲ್ಲ, ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ "ಹಲೋ" ಎಂದರೆ ಆ ಕಡೆಯಿಂದ ಮೊದಲನೆಯ ಹಲೋದ ಉತ್ತರ ಬಂದು ಇದಕ್ಕೆ ಡಿಕ್ಕಿ ಹೊಡೆಯುತ್ತದೆ. ನಿಮಿಷಕ್ಕೆ ಮೂರು ಡಾಲರ್ ತೆತ್ತು ಇಬ್ಬರು ಅಕ್ಕತಂಗಿಯರು ಬರೀ ಹಲೋಗಳನ್ನೇ ಬದಲಾಯಿಸಿಕೊಂಡದ್ದು ನನಗೆ ಗೊತ್ತು.

ಹಡಗಿನ ಈ ಟವರು ಬಂದರಿನಲ್ಲಿ ಸಾಮಾನ್ಯವಾಗಿ ಬಾಯಿ ಮುಚ್ಚಿಕೊಂಡಿರುತ್ತದೆ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ನಮ್ಮ ಲೆಕ್ಕದಲ್ಲಿ 22 ಕಿಲೋಮೀಟರಿನಷ್ಟು ದೂರ ಒಂದು ದೇಶದ ಕಡಲು, ಅದರಾಚೆ ಯಾರಪ್ಪನ ಮನೆಯದೂ ಅಲ್ಲ. ಯಾರ ಸೀಮೆಯೂ ಅಲ್ಲದ ಜಾಗದಲ್ಲಿ ಯಾರ ದರಪಟ್ಟಿಯೂ ನಡೆಯುವುದಿಲ್ಲ. ಯುರೋಪಿನಲ್ಲಿ 2017ರ ಜೂನ್‌ನಿಂದ ಒಂದು ದೇಶದ ಸಿಮ್ ಇನ್ನೊಂದು ದೇಶದಲ್ಲೂ ಮನೆಯ ದರದಲ್ಲೇ ಮಾತಾಡಬೇಕೆಂದು ಕಾನೂನು ಬಂತು. ಆ ಕಾನೂನು ಕೂಡ ಹಡಗಿನ ಉಪಗ್ರಹ ಜಾಲದ ಮೆಟ್ಟಿಲು ಹತ್ತುವುದಿಲ್ಲ. ಫೋನಿನ ಮೇಲ್ತುದಿಯಲ್ಲಿ ನಮಗೆ ಪರಿಚಿತವಾದ ಕಂಪನಿಯ ಹೆಸರು ಅಳಿಸಿಹೋಗಿ "ಸೆಲ್ಯುಲಾರ್ ಅಟ್ ಸೀ" ಎಂಬಂಥ ಕಾವ್ಯಮಯ ಹೆಸರೊಂದು ಮೂಡಿತೆಂದರೆ ಮೀಟರು ಬಿತ್ತು ಅಂತಲೇ ತಿಳಿಯಬೇಕು.

ನಮ್ಮ ಪಾಲಿಗೆ ಬಂದದ್ದು ಅಲಾಸ್ಕಾ. ಹೊರಡುವ ಹಿಂದಿನ ರಾತ್ರಿ ಸಿಯಾಟಲ್‌ನ ಮನೆಯಲ್ಲಿ ಮಗಳು ಎಲ್ಲರ ಫೋನುಗಳನ್ನೂ ಸಾಲಾಗಿ ಇಟ್ಟುಕೊಂಡು ಕೂತಳು. ಫೋಟೋ ಸಾಗಾಟ ಬಂದ್, ಆ್ಯಪುಗಳ ನವೀಕರಣ ಬಂದ್, ವಾಟ್ಸ್ಆ್ಯಪಿನಲ್ಲಿ ಚಿತ್ರ ತಾನಾಗಿ ಇಳಿಯುವುದು ಬಂದ್, ಡೇಟಾ ರೋಮಿಂಗ್ ಬಂದ್. ಹಾಡು, ನಕ್ಷೆ, ಟಿಕೆಟ್ಟು, ವಿಷ್ಣು ಸಹಸ್ರನಾಮ ಎಲ್ಲ ಮುಂಚೆಯೇ ಇಳಿಸಿಟ್ಟಾಯಿತು. "ಹಡಗು ಹತ್ತುವ ಮೊದಲೇ ಏರೋಪ್ಲೇನ್ ಮೋಡ್ ಹಾಕ್ಬೇಕು ಅಪ್ಪ, ಹತ್ತಿದ ಮೇಲಲ್ಲ. ಮರೆತ್ರೆ ಆಗಲ್ಲ. ಆಮೇಲೆ ವೈಫೈ ಒಂದನ್ನ ಮಾತ್ರ ಆನ್ ಮಾಡ್ಕೊಳ್ಳಿ" ಎಂದಳು. ಚಿಕ್ಕವಳಿದ್ದಾಗ ನಾವು ಅವಳಿಗೆ ಪ್ರವಾಸದ ಬಸ್ಸಿನ ಬಾಗಿಲಲ್ಲಿ ಹೇಳುತ್ತಿದ್ದ ಧಾಟಿಯಲ್ಲೇ ಹೇಳಿದಳು.

ನಮ್ಮ ಯಜಮಾನರು ತಲೆಯಾಡಿಸಿದರು. ಅವರು ತಲೆಯಾಡಿಸಿದರೆ ಒಪ್ಪಿದರೆಂದು ಅರ್ಥವಲ್ಲ.

ಅವರ ಫೋನಿನಲ್ಲಿ ಎರಡು ಸಿಮ್ ಇತ್ತು. ಒಂದು ಅಮೆರಿಕದ್ದು, ಇನ್ನೊಂದು ಮೈಸೂರಿನದು. ಮೈಸೂರಿನ ಸಿಮ್ ಮಾತಾಡುವುದಕ್ಕಲ್ಲ, ಓಟಿಪಿಗೆ. ವಿದೇಶಕ್ಕೆ ಹೋದ ನಿವೃತ್ತರಿಗೆಲ್ಲ ಊರಿನೊಂದಿಗೆ ಇರುವ ಕಟ್ಟಕಡೆಯ ಕರುಳುಬಳ್ಳಿ ಈ ಆರಂಕಿಯ ಓಟಿಪಿ. ಅದು ಬಾರದಿದ್ದರೆ ಬ್ಯಾಂಕು ನಮ್ಮನ್ನು ಗುರುತಿಸುವುದಿಲ್ಲ, ಗ್ಯಾಸ್ ಏಜೆನ್ಸಿ ಗುರುತಿಸುವುದಿಲ್ಲ, ಪಿಂಚಣಿ ಕಚೇರಿಯಂತೂ ನಾವು ಬದುಕಿದ್ದೇವೆಂದೇ ನಂಬುವುದಿಲ್ಲ. ಏರೋಪ್ಲೇನ್ ಮೋಡಿನಲ್ಲಿ ಓಟಿಪಿ ಬರುವುದಿಲ್ಲ. ಹಾಗಾಗಿ ಗ್ಲೇಸಿಯರ್ ಬೇ ಎಂಬ ಕಡಲಕೊಲ್ಲಿಗೆ ಹಡಗು ನುಸುಳಿ, ರಾಷ್ಟ್ರೀಯ ಉದ್ಯಾನದ ರೇಂಜರುಗಳು ಹತ್ತಿ ಬಂದು ಮೈಕಿನಲ್ಲಿ ವಿವರಣೆ ಕೊಡುತ್ತ, ಮಾರ್ಜರಿ ಹಿಮನದಿಯ ನೀಲಿ ಗೋಡೆ ಕಣ್ಣೆದುರು ನಿಂತಿದ್ದಾಗ ಇವರು ನನ್ನ ಕಿವಿಯ ಬಳಿ ಬಗ್ಗಿ ಹೇಳಿದ್ದು: "ನೋಡೇ, ಕರೆಂಟ್ ಬಿಲ್ಲಿಗೆ ಇವತ್ತೇ ಕೊನೇ ದಿನ."

"ರೀ, ಹಿಮ ನೋಡ್ರಿ."

"ಹಿಮ ಹತ್ತು ಸಾವಿರ ವರ್ಷದಿಂದ ಇದೆ. ನಾಳೆ ಫ್ಯೂಸ್ ಕಿತ್ತುಕೊಂಡು ಹೋದ್ರೆ ಫ್ರಿಜ್ಜಿನಲ್ಲಿರೋ ಹುಣಸೆ ತೊಕ್ಕಿನ ಗತಿ?"

ಅಷ್ಟರಲ್ಲಿ ಗೋಡೆಯ ಒಂದು ತುಂಡು ಗುಡುಗಿನ ಸದ್ದು ಮಾಡುತ್ತ ಕಳಚಿ ನೀರಿಗೆ ಬಿತ್ತು. ಡೆಕ್ಕಿನ ಮೇಲಿದ್ದವರೆಲ್ಲ "ಓ" ಎಂದರು. ಇವರು "ಯಾಕೆ, ಏನಾಯ್ತು?" ಎಂದು ಫೋನಿನಿಂದ ತಲೆಯೆತ್ತಿದರು.

ಓಟಿಪಿ ವಿಷಯದಲ್ಲಿ ಒಂದು ಸಮಾಧಾನವಿದೆ. ಹೊರದೇಶದಲ್ಲಿದ್ದಾಗಲೂ ನಮ್ಮ ಸಿಮ್ಮಿಗೆ ಬರುವ ಎಸ್ಸೆಮ್ಮೆಸ್ಸಿಗೆ ಸಾಮಾನ್ಯವಾಗಿ ದುಡ್ಡಿಲ್ಲ. ಅದರ ಡೇಟಾ ರೋಮಿಂಗನ್ನು ಮುಚ್ಚಿಟ್ಟು, ಬಂದರಿನಲ್ಲಿ ಇಳಿದಾಗ ನೆಲದ ಟವರಿಗೆ ಒಂದಿಷ್ಟು ಹೊತ್ತು ತೆರೆದರೆ ಕಾದು ಕೂತಿದ್ದ ಸಂದೇಶಗಳೆಲ್ಲ ಬಂದು ಬೀಳುತ್ತವೆ. ಅಪಾಯವಿರುವುದು ಆ ಹೊತ್ತಿನಲ್ಲೇ ಫೋನು ರಿಂಗಾದರೆ. ಭಾರತದ ಬೆಳಗಿನ ಹನ್ನೊಂದು ಎಂದರೆ ಅಲಾಸ್ಕಾದ ಬೇಸಗೆಯಲ್ಲಿ ಹಿಂದಿನ ರಾತ್ರಿ ಒಂಬತ್ತೂವರೆ. ಸಾಲ ಕೊಡುವ ಹುಡುಗಿಯರು ಕೆಲಸ ಆರಂಭಿಸುವ ವೇಳೆ. "ಸರ್, ಪರ್ಸನಲ್ ಲೋನ್ ಬೇಕಿತ್ತಾ?" ಎಂದು ಕೇಳುತ್ತಾರೆ. ಎತ್ತಿದರೆ ಎತ್ತಿದವರದ್ದೂ ದುಡ್ಡು. ಬೇರೆ ಊರಿನವರಾದರೆ ಕುಕ್ಕಿ ಇಡುತ್ತಾರೆ. ಮೈಸೂರಿನವರಿಗೆ ಮರ್ಯಾದೆ ಅಡ್ಡ ಬರುತ್ತದೆ. ನಮ್ಮ ಗುಂಪಿನ ಇನ್ನೊಬ್ಬರು ಹೀಗೆ ಕರೆಯೆತ್ತಿ, ಯಾವ ಊರಮ್ಮ, ಊಟ ಆಯ್ತಾ, ಸಂಬಳ ಸರಿಯಾಗಿ ಕೊಡ್ತಾರಾ ಎಂದೆಲ್ಲ ವಿಚಾರಿಸಿ, ಸಾಲ ಬೇಡವೆಂದು ಹೇಳುವಷ್ಟರಲ್ಲಿ ಆ ಕರೆಯ ಖರ್ಚಿಗೇ ಸಾಲ ಮಾಡುವ ಹಾಗಾಗಿತ್ತು.

ಇದನ್ನೆಲ್ಲ ನೋಡಿದಾಗ ನನಗೆ ಅನ್ನಿಸುವುದು, ಕ್ರೂಸಿನ ಫೋನ್ ಬಿಲ್ಲನ್ನು ಗೆಲ್ಲುವುದಕ್ಕೆ ತಕ್ಕವರು ಯಾರಾದರೂ ಇದ್ದರೆ ಅದು ನನ್ನ ತಲೆಮಾರು. ಮಾತಿಗೆ ಬೆಲೆ ಕಟ್ಟಿದ ಕಾಲದಲ್ಲೇ ನಾವು ಮಾತು ಕಲಿತದ್ದು. ಟ್ರಂಕ್ ಕಾಲ್ ಬುಕ್ ಮಾಡಿ, ಆರ್ಡಿನರಿಯೋ ಅರ್ಜೆಂಟೋ ಲೈಟ್ನಿಂಗೋ ಎಂದು ಆಪರೇಟರ್ ಕೇಳಿದಾಗ ಮನೆಯ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿ ಆರ್ಡಿನರಿ ಎಂದು ಹೇಳಿ ಅರ್ಧ ದಿನ ಕಾದದ್ದನ್ನು ಕಂಡವರು ನಾವು. ಎಸ್‌ಟಿಡಿ ಬೂತಿನಲ್ಲಿ ರಾತ್ರಿಯ ಕಾಲುದರಕ್ಕೆ ಕಾದು, ಕೆಂಪು ಅಂಕಿಗಳ ಓಟದ ಮೇಲೆ ಒಂದು ಕಣ್ಣಿಟ್ಟುಕೊಂಡೇ "ಮತ್ತೇನು ಸಮಾಚಾರ" ಎಂದವರು ನಾವು. ಟೆಲಿಗ್ರಾಂ ಬರೆಯುವಾಗ ವಿಭಕ್ತಿ ಪ್ರತ್ಯಯ ಸಮೇತ ಕತ್ತರಿಸಿ ಪದ ಉಳಿಸಿದವರು. 2013ರ ಜುಲೈನಲ್ಲಿ ಟೆಲಿಗ್ರಾಂ ನಿಂತಾಗ ಆ ವಿದ್ಯೆಯೂ ದಂಡವಾಯಿತು ಅಂದುಕೊಂಡಿದ್ದೆವು. 1995ರಲ್ಲಿ ಮೊಬೈಲ್ ಬಂದಾಗ ನಿಮಿಷಕ್ಕೆ 16 ರೂಪಾಯಿ, ಬಂದ ಕರೆಗೂ ದುಡ್ಡು. ಬರುವ ಕರೆ ಪುಕ್ಕಟೆಯಾದದ್ದು 2003ರ ಹೊತ್ತಿಗೆ. ಆ ನಡುವಿನ ವರ್ಷಗಳಲ್ಲಿ ಈ ದೇಶ ಮಿಸ್ಡ್ ಕಾಲ್ ಎಂಬ ಮಹಾಶಾಸ್ತ್ರವನ್ನು ರಚಿಸಿತು. ಒಂದು ರಿಂಗು: ತಲುಪಿದೆ. ಎರಡು: ಹೊರಟೆ. ಮೂರು: ನೀನೇ ಮಾಡು, ನನ್ನ ಹತ್ತಿರ ಕರೆನ್ಸಿ ಇಲ್ಲ.

ನಮ್ಮ ಅಳಿಯನಿಗೆ ಈ ಶಾಸ್ತ್ರ ಗೊತ್ತಿಲ್ಲ. ಅವನು ಸಾಫ್ಟ್‌ವೇರಿನವನು, ಒಳ್ಳೆಯ ಹುಡುಗ, ಮೋಡದಲ್ಲಿ ಏನೇನೋ ಕಟ್ಟುತ್ತಾನಂತೆ. ಎಂಬಿ ಎಂಬುದನ್ನು ಎಣಿಸಬೇಕಾದ ಪ್ರಸಂಗವೇ ಅವನ ಜೀವನದಲ್ಲಿ ಬಂದಿಲ್ಲ. ನಮ್ಮವರೋ, ಹಡಗು ಹತ್ತುವ ಮುಂಚೆಯೇ ಮೈಸೂರಿನಲ್ಲಿರುವ ನನ್ನ ತಂಗಿಗೆ ನಿಯಮ ಹೇಳಿಕೊಟ್ಟಿದ್ದರು: ಪ್ರತಿ ಬಂದರಿನಲ್ಲೂ ನಾವು ಒಂದು ರಿಂಗು ಕೊಡುತ್ತೇವೆ, ಯಾವ ಕಾರಣಕ್ಕೂ ಎತ್ತಕೂಡದು, ಮನೆಯಲ್ಲಿ ಏನಾದರೂ ತುರ್ತಾದರೆ ಮಾತ್ರ ಹಡಗು ಕಂಪನಿಯ ಈ ನಂಬರಿಗೆ ಮಾಡು. ಅಮೆರಿಕದ ಸಿಮ್ಮಿನ ವಾಯ್ಸ್ ಮೇಲನ್ನೂ ಅಳಿಯನ ಕೈಲಿ ತೆಗೆಸಿದ್ದರು. ಎತ್ತದೆ ಬಿಟ್ಟ ಕರೆ ಅಲ್ಲಿಗೆ ತಿರುಗಿಕೊಂಡರೆ ಅದಕ್ಕೂ ದರ ಬೀಳಬಹುದು ಎಂದು ಎಲ್ಲೋ ಓದಿದ್ದರಂತೆ. ಯೋಜನೆಯಲ್ಲಿ ಲೋಪವಿರಲಿಲ್ಲ. ನನ್ನ ತಂಗಿಯ ಸ್ವಭಾವವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ ಅಷ್ಟೆ. ಕೆಚಿಕನ್ ಊರಿನಿಂದ ಇವರು ಮೊದಲ ರಿಂಗು ಕೊಟ್ಟ ಕ್ಷಣವೇ ಅವಳು ಎತ್ತಿ, "ಭಾವಾ, ಎತ್ತಬೇಡ ಅಂದಿದ್ರಿ, ಎತ್ತಲ್ಲ ಅಂತ ಹೇಳೋಣ ಅಂತ ಎತ್ತಿದೆ" ಎಂದಳು.

ಕಡಲಿನಲ್ಲಿ ಮಾತು ಯಾವತ್ತೂ ಅಗ್ಗವಾಗಿರಲಿಲ್ಲ. ಟೈಟಾನಿಕ್ ಹಡಗಿನಲ್ಲಿ ಪ್ರಯಾಣಿಕರು ದಡಕ್ಕೆ ಸಂದೇಶ ಕಳಿಸಬೇಕಾದರೆ ಮೊದಲ 10 ಪದಗಳಿಗೆ 12 ಶಿಲಿಂಗ್ 6 ಪೆನ್ಸ್, ಆಮೇಲೆ ಒಂದೊಂದು ಪದಕ್ಕೆ 9 ಪೆನ್ಸ್. ಮೂರನೆಯ ದರ್ಜೆಯ ಟಿಕೆಟ್ಟಿನ ಬೆಲೆಯೇ ಏಳೆಂಟು ಪೌಂಡ್ ಇದ್ದಾಗ ಇದು. ನಿಸ್ತಂತು ಕೋಣೆಯಲ್ಲಿದ್ದ ಇಬ್ಬರು, ಜ್ಯಾಕ್ ಫಿಲಿಪ್ಸ್ ಮತ್ತು ಹೆರಾಲ್ಡ್ ಬ್ರೈಡ್, ಮಾರ್ಕೋನಿ ಕಂಪನಿಯ ನೌಕರರು. ಪ್ರಯಾಣಿಕರ ಸಂದೇಶಗಳೇ ಕಂಪನಿಗೆ ಆದಾಯ. ಅಷ್ಟು ಬೆಲೆಯಾದರೂ ದುಡ್ಡಿದ್ದವರು ಸುಮ್ಮನಿರಲಿಲ್ಲ, ಕ್ಷೇಮ, ಸುಖ, ಇಂಥ ದಿನ ತಲುಪುತ್ತೇವೆ ಎಂಬಂಥವುಗಳ ರಾಶಿ ಬಿತ್ತು. ನಡುವೆ ಯಂತ್ರ ಕೆಟ್ಟಿದ್ದರಿಂದ ರಾಶಿ ಇನ್ನೂ ಬೆಳೆದಿತ್ತು. 1912ರ ಏಪ್ರಿಲ್ 14ರ ರಾತ್ರಿ ಫಿಲಿಪ್ಸ್ ಆ ರಾಶಿಯನ್ನು ಕೇಪ್ ರೇಸ್ ಎಂಬ ದಡದ ಕೇಂದ್ರಕ್ಕೆ ಸಾಗಿಸುತ್ತಿದ್ದಾಗ ಹತ್ತಿರದಲ್ಲೇ ಇದ್ದ ಕ್ಯಾಲಿಫೋರ್ನಿಯನ್ ಹಡಗಿನವನು ಮಂಜುಗಡ್ಡೆಯ ಸುದ್ದಿ ಹೇಳಲು ನಡುವೆ ಬಾಯಿ ಹಾಕಿದ. ಕೆಲಸದಲ್ಲಿದ್ದೇನೆ, ಸುಮ್ಮನಿರು ಎಂದು ಫಿಲಿಪ್ಸ್ ಗದರಿದ. ಕ್ಯಾಲಿಫೋರ್ನಿಯನ್ನಿನವನು ಯಂತ್ರ ಮುಚ್ಚಿ ಮಲಗಿದ. ಫಿಲಿಪ್ಸ್ ಕೊನೆಯವರೆಗೂ ಸಹಾಯಕ್ಕಾಗಿ ಕೂಗುತ್ತಲೇ ಇದ್ದು, ಉಳಿಯಲಿಲ್ಲ. ಇದನ್ನು ನಾನು ಅಲಾಸ್ಕಾದ ಮಂಜುಗಡ್ಡೆಗಳ ನಡುವೆ ಹೋಗುತ್ತಿರುವ ಹಡಗಿನ ಊಟದ ಮೇಜಿನಲ್ಲಿ ಹೇಳಬಾರದಿತ್ತು ಎಂದು ಮಗಳು ಆಮೇಲೆ ಅಂದಳು. ಪಕ್ಕದ ಮೇಜಿನವರಿಗೆ ಕನ್ನಡ ಬರುತ್ತಿರಲಿಲ್ಲ, ಪುಣ್ಯ.

ಹಡಗಿನ ವೈಫೈ ಎಂಬುದು ಬೇರೆಯೇ ಅಂಗಡಿ. ಹಿಂದೆ ಅದನ್ನೂ ನಿಮಿಷದ ಲೆಕ್ಕದಲ್ಲಿ ಮಾರುತ್ತಿದ್ದರು, ತಿಳಿದವರು ಕಾಗದವನ್ನೆಲ್ಲ ಮುಂಚೆಯೇ ಬರೆದಿಟ್ಟುಕೊಂಡು, ಒಳಹೊಕ್ಕು, ಕಳಿಸಿ, ಉಸಿರು ಬಿಡುವ ಮುಂಚೆ ಹೊರಬರುತ್ತಿದ್ದರು. ಅಲಾಸ್ಕಾದಲ್ಲಿ ಇನ್ನೊಂದು ತೊಡಕು. ಸಮಭಾಜಕದ ಮೇಲಿನ ಉಪಗ್ರಹ ಅಷ್ಟು ಉತ್ತರದಿಂದ ನೋಡಿದರೆ ಬಾನಂಚಿನ ಹತ್ತಿರ ತೀರ ತಗ್ಗಿನಲ್ಲಿ ಕಾಣುತ್ತದೆ. ಕಡಲ ಕೊಲ್ಲಿಗಳ ಎರಡೂ ಬದಿ ಪರ್ವತಗಳು ನಿಂತುಬಿಟ್ಟರೆ ಸಂಪರ್ಕ ಕಡಿಯುತ್ತದೆ. 2022ರಿಂದೀಚೆಗೆ ದೊಡ್ಡ ಕ್ರೂಸ್ ಕಂಪನಿಗಳು ಒಂದೊಂದಾಗಿ ಸ್ಟಾರ್‌ಲಿಂಕ್ ಹಾಕಿಸಿಕೊಂಡ ಮೇಲೆ ಪರಿಸ್ಥಿತಿ ಸುಧಾರಿಸಿದೆ. ಆ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಮೇಲೆ ಮಾತ್ರ ಹಾರಾಡುತ್ತವೆ, ಹಲೋಗಳು ಡಿಕ್ಕಿ ಹೊಡೆಯುವುದಿಲ್ಲ. ಬೆಲೆ ಮಾತ್ರ ಅಷ್ಟು ಕೆಳಗೆ ಹಾರುವುದಿಲ್ಲ. ದಿನಕ್ಕೆ, ಒಂದು ಫೋನಿಗೆ ಇಷ್ಟು ಎಂದು ಲೆಕ್ಕ. ಹೊರಡುವ ಮೊದಲೇ ಕೊಂಡರೆ ಸಾಮಾನ್ಯವಾಗಿ ಸ್ವಲ್ಪ ಅಗ್ಗ.

ನಮ್ಮ ಅಳಿಯ ಒಂದೇ ಫೋನಿನ ಪ್ಯಾಕೇಜು ತೆಗೆದುಕೊಂಡ. ಒಬ್ಬರು ಹೊರಬಂದರೆ ಇನ್ನೊಬ್ಬರು ಒಳಹೋಗಬಹುದು. ಮಗಳು ಅದಕ್ಕೊಂದು ವೇಳಾಪಟ್ಟಿ ಮಾಡಿದಳು. ನನ್ನ ಪಾಳಿ ಸಂಜೆಯದು. ಅದು ಬರುವ ಹೊತ್ತಿಗೆ ಸರಿಯಾಗಿ ಅಳಿಯ ಹೊರಬರುವುದನ್ನು ಮರೆತು ಫೋನನ್ನು ಕ್ಯಾಬಿನ್ನಿನ ಲಾಕರಿನಲ್ಲಿಟ್ಟು ಬಿಸಿನೀರಿನ ತೊಟ್ಟಿಯಲ್ಲಿ ಕೂತಿರುತ್ತಿದ್ದ. ಅತ್ತೆಯಾದವಳು ಅಂಥ ಸ್ಥಿತಿಯಲ್ಲಿ ಅಳಿಯನನ್ನು ಹುಡುಕಿಕೊಂಡು ಹೋಗಿ ಪಾಸ್‌ವರ್ಡ್ ಕೇಳುವ ಹಾಗಿಲ್ಲ. ಮೊಮ್ಮಗನನ್ನು ಕಳಿಸಿದರೆ ಅವನೂ ತೊಟ್ಟಿಗೆ ಇಳಿದುಬಿಡುತ್ತಿದ್ದ. ಇನ್ನೊಂದು ಗುಟ್ಟನ್ನು ಅಳಿಯನೇ ಹೇಳಿದ: "ಅತ್ತೆ, ವೈಫೈ ಇದೆ ಅಂತ ಫೋನಿನ ಮಾಮೂಲಿ ನಂಬರಿಂದ ಇಂಡಿಯಾಗೆ ಕಾಲ್ ಮಾಡ್ಬೇಡಿ, ಅದಕ್ಕೆ ಕಂಪನಿಯವ್ರು ಬೇರೆ ಚಾರ್ಜ್ ಹಾಕ್ತಾರೆ. ವಾಟ್ಸ್ಆ್ಯಪಲ್ಲೇ ಮಾಡಿ." ಒಳ್ಳೆಯ ಹುಡುಗ ಎಂದು ಮೊದಲೇ ಹೇಳಿದೆನಲ್ಲ.

ಹಡಗಿನೊಳಗೆ ನಾವು ನಾವು ಮಾತಾಡಿಕೊಳ್ಳುವುದಕ್ಕೆ ಹಡಗಿನದೇ ಆ್ಯಪು ಇತ್ತು, ಪ್ಯಾಕೇಜಿಲ್ಲದೆಯೂ ನಡೆಯುತ್ತದೆ. ಆದರೆ ಅದಕ್ಕಿಂತ ನಮಗೆ ಒಗ್ಗಿದ್ದು ಬಾಗಿಲು. ಕ್ಯಾಬಿನ್ನಿನ ಬಾಗಿಲುಗಳು ಉಕ್ಕಿನವು, ಅಯಸ್ಕಾಂತ ಅಂಟುತ್ತದೆ. ಫ್ರಿಜ್ಜಿಗೆ ಅಂಟಿಸಲೆಂದು ಕೆಚಿಕನ್ನಿನಲ್ಲಿ ಕೊಂಡ ಸಾಲ್ಮನ್ ಮೀನಿನ ಗೊಂಬೆಗಳನ್ನು ಒತ್ತಿ "ಎಂಟನೇ ಡೆಕ್ಕಿನಲ್ಲಿದ್ದೇವೆ, ಚಹಾ ಪರವಾಗಿಲ್ಲ" ಎಂದು ಚೀಟಿ ಸಿಕ್ಕಿಸುತ್ತಿದ್ದೆವು. ಎರಡು ದಿನದಲ್ಲಿ ಓಣಿಯುದ್ದಕ್ಕೂ ಬೇರೆ ಬಾಗಿಲುಗಳಲ್ಲೂ ಚೀಟಿಗಳು ಕಾಣಿಸಿಕೊಂಡವು.

ಫೋನು ಬಾಯಿ ಮುಚ್ಚಿದ್ದರೂ ಗಡಿಯಾರವಾಗಿ ಕೈಕೊಡುವುದು ಇನ್ನೊಂದು ಪೇಚು. ಅಲಾಸ್ಕಾದ ವೇಳೆ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ದಾರಿಯಲ್ಲಿ ಏರೋಪ್ಲೇನ್ ಮೋಡ್ ತೆಗೆದಾಗ ಕೆನಡಾದ ಟವರೊಂದು ಕೈಗೆ ಸಿಕ್ಕಿದರೆ ಫೋನು ಮುಂದಕ್ಕೆ ಹಾರುತ್ತದೆ, ಅಲಾಸ್ಕಾದ್ದು ಸಿಕ್ಕಿದರೆ ಹಿಂದಕ್ಕೆ. ಹಡಗಿನವರು ಹೇಳುವ ವೇಳೆಯೇ ವೇದ, ತಪ್ಪಿದರೆ ಬಂದರಿನಲ್ಲಿ ನಿಂತು ಕೈಬೀಸಬೇಕಾಗುತ್ತದೆ. ಸುತ್ತ ಎಲ್ಲರೂ ಈಗ ಎಷ್ಟು ಗಂಟೆ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರೆ ನಮ್ಮವರು ಮಾತ್ರ ಮದುವೆಯಲ್ಲಿ ನಮ್ಮ ತಂದೆ ಕೊಟ್ಟ ಎಚ್‌ಎಂಟಿ ಕೈಗಡಿಯಾರವನ್ನು ದೊಡ್ಡಸ್ತಿಕೆಯಿಂದ ನೋಡಿಕೊಳ್ಳುತ್ತಿದ್ದರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡತೊಡಗಿದ ಆ ಕಾರ್ಖಾನೆ ಈಗಿಲ್ಲ. ಗಡಿಯಾರಕ್ಕೆ ಮಾತ್ರ ಬೆಳಿಗ್ಗೆ ಕೀ ಕೊಟ್ಟರೆ ಸರಿ, ಯಾವ ಟವರಿನ ಹಂಗೂ ಇಲ್ಲ.

ಇಷ್ಟೆಲ್ಲ ಉಪಾಯಗಳನ್ನು ಒಂದೇ ಏಟಿಗೆ ಮೀರಿಸಿದವನು ನಮ್ಮ ಮೇಜಿಗೆ ಬಡಿಸುತ್ತಿದ್ದ ಹುಡುಗ. ನಾನು ಮೊಮ್ಮಗನಿಗೆ "ತಟ್ಟೇಲಿ ಬಿಡಬಾರದು" ಎಂದು ಗದರಿದ್ದನ್ನು ಕೇಳಿ ನೀರಿನ ಹೂಜಿ ಹಿಡಿದವನು ಅಲ್ಲೇ ನಿಂತ. "ಅಮ್ಮ, ನೀವು ಮೈಸೂರು ಕಡೆಯವರಾ? ನಾನು ಬಂಟ್ವಾಳದ ಹತ್ತಿರ." ದಕ್ಷಿಣ ಕನ್ನಡದ, ಗೋವೆಯ ಹುಡುಗರು ಇಂಥ ಹಡಗುಗಳಲ್ಲಿ ಸಾಕಷ್ಟಿದ್ದಾರೆ. ತಿಂಗಳುಗಟ್ಟಲೆ ನೀರಿನ ಮೇಲೆಯೇ ಇರುವವರು ಅವರು. ನಮ್ಮ ಓಟಿಪಿಯ ಕಥೆ ಕೇಳಿ ನಕ್ಕು ಹೇಳಿದ: "ಹಡಗಿನ ನೆಟ್ಟಿಗೆ ದುಡ್ಡು ಹಾಕ್ಲಿಕ್ಕೆ ಹೋಗ್ಬೇಡಿ ಅಮ್ಮ. ಜುನೋದಲ್ಲಿ ಇಳಿದ ಕೂಡ್ಲೇ ಎದುರಿಗೆ ಒಂದು ಪಾರ್ಕಿಂಗ್ ಕಟ್ಟಡ ಉಂಟು. ಅದರ ತಲೆ ಮೇಲೆ ಲೈಬ್ರರಿ. ಅಲ್ಲಿ ವೈಫೈ ಫ್ರೀ. ನಾವೆಲ್ಲ ಅಲ್ಲಿಗೇ ಹೋಗುವುದು."

ಜುನೋ ಅಲಾಸ್ಕಾದ ರಾಜಧಾನಿ. ಹೊರಜಗತ್ತಿನಿಂದ ಅಲ್ಲಿಗೆ ರಸ್ತೆಯಿಲ್ಲ, ನೀರಿನಲ್ಲಿ ಬರಬೇಕು ಇಲ್ಲವೇ ಹಾರಿ ಬರಬೇಕು. ಅಂಥ ಊರಿನ ಗ್ರಂಥಾಲಯದಲ್ಲಿ, ಕಿಟಕಿಯಾಚೆ ನಮ್ಮ ಹಡಗೇ ಊರಿಗಿಂತ ದೊಡ್ಡದಾಗಿ ಕಾಣುವ ಜಾಗದಲ್ಲಿ, ನಮ್ಮವರು ಕೊನೆಗೂ ಕರೆಂಟ್ ಬಿಲ್ಲು ಕಟ್ಟಿದರು, ದಂಡ ಸಮೇತ. ಗೋಡೆಗೊರಗಿ, ಮೆಟ್ಟಿಲ ಮೇಲೆ, ಹೊರಗಿನ ಜಗಲಿಯಲ್ಲಿ ಹಡಗಿನ ಕೆಲಸದವರು ಫೋನುಗಳನ್ನು ಮುಖಕ್ಕೆ ಹಿಡಿದು ಫಿಲಿಪೀನ್ಸಿಗೆ, ಇಂಡೊನೇಷ್ಯಾಕ್ಕೆ, ಕೇರಳಕ್ಕೆ ಮಾತಾಡುತ್ತಿದ್ದರು. ನಮ್ಮ ಬಂಟ್ವಾಳದ ಹುಡುಗ ತುಳುವಿನಲ್ಲಿ ಅಮ್ಮನಿಗೆ ಏನೋ ಹೇಳಿ ನಗಿಸುತ್ತಿದ್ದ. ಜುನೋದ ಬೆಳಗಿನ ಹನ್ನೊಂದು ಎಂದರೆ ಬಂಟ್ವಾಳದಲ್ಲಿ ನಡುರಾತ್ರಿ ಹನ್ನೆರಡೂವರೆ. ಹಡಗು ಜುನೋ ಮುಟ್ಟುವ ದಿನ ಆಕೆ ಮಲಗುವುದೇ ಇಲ್ಲವಂತೆ.

ಮುಂದಿನ ಚಳಿಗಾಲ ಒಂದು ಮದುವೆಗೆಂದು ಮಂಗಳೂರಿಗೆ ಹೋದಾಗ ಈ ನಾಟಕದ ಇನ್ನೊಂದು ಅಂಕ ನೋಡಲು ಸಿಕ್ಕಿತು. ಪಣಂಬೂರಿನ ನವಮಂಗಳೂರು ಬಂದರಿಗೆ ಆ ಕಾಲದಲ್ಲಿ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಇಳಿದವರು ಬಸ್ಸು ಟ್ಯಾಕ್ಸಿಗಳಲ್ಲಿ ಕುದ್ರೋಳಿ ದೇವಸ್ಥಾನ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೇರುಬೀಜದ ಕಾರ್ಖಾನೆ ಎಂದು ಸುತ್ತುತ್ತಾರೆ. ಕುದ್ರೋಳಿಯಲ್ಲಿ ನಮಗಿಂತ ವಯಸ್ಸಾದ ಬಿಳಿಯ ದಂಪತಿ ಗೋಪುರದ ಕಡೆ ಬೆನ್ನು ಮಾಡಿ, ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದು ಸುತ್ತ ತಿರುಗುತ್ತಿದ್ದರು. ಆ ಭಂಗಿಯನ್ನು ನಾನು ಎಲ್ಲಿ ಕಂಡರೂ ಗುರುತಿಸುತ್ತೇನೆ. ಅವರನ್ನು ಕರೆತಂದಿದ್ದ ಆಟೋದವನು ಬೀಡಾ ಜಗಿಯುತ್ತ ನೋಡುತ್ತಿದ್ದವನು ಎದ್ದುಬಂದು, ತನ್ನ ಫೋನಿನ ಹಾಟ್‌ಸ್ಪಾಟ್ ತೆರೆದು, ಪಾಸ್‌ವರ್ಡನ್ನು ಅಂಗೈಯಲ್ಲಿ ಬರೆದು ತೋರಿಸಿದ. ಅಜ್ಜಿಯ ಫೋನಿಗೆ ಒಂದರ ಹಿಂದೊಂದು ಮೊಮ್ಮಕ್ಕಳ ಫೋಟೋಗಳು ಬಂದು ಬಿದ್ದವು. ಆಕೆ ಪರ್ಸು ತೆಗೆಯಲು ಹೋದರೆ ಇವನು ಕೈಯಾಡಿಸಿದ.

ನಮ್ಮವರು ತಡೆಯಲಾರದೆ ಕೇಳಿದರು, "ಏನಪ್ಪಾ, ನಿನ್ನ ಡೇಟಾ ಖಾಲಿಯಾಗಲ್ವೇ?"

"ದಿನಕ್ಕೆ ಒಂದೂವರೆ ಜಿಬಿ ಉಂಟು ಸರ್. ರಾತ್ರಿ ಹನ್ನೆರಡಕ್ಕೆ ಹೇಗೂ ಹೋಗ್ತದೆ."

ನಮ್ಮವರು ಕಿಸೆಯಿಂದ ಪೆನ್ನು ತೆಗೆದು, ಮದುವೆಯ ಆಮಂತ್ರಣ ಪತ್ರಿಕೆಯ ಹಿಂದೆ ಗುಣಿಸಿದರು. ಒಂದೂವರೆ ಜಿಬಿ ಎಂದರೆ 1,536 ಎಂಬಿ. ಎಂಬಿಗೆ 2 ಡಾಲರಿನಂತೆ 3,072 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೂ 2,61,120 ರೂಪಾಯಿ. "ಇದೇ ಡೇಟಾಕ್ಕೆ ಅವರು ಬಂದ ಕಡಲಿನಲ್ಲಿ ಎರಡು ಲಕ್ಷ ಅರವತ್ತೊಂದು ಸಾವಿರ ಆಗುತ್ತೆ ಕಣಪ್ಪ, ದಿನಕ್ಕೆ" ಎಂದು ಪತ್ರಿಕೆಯನ್ನು ಅವನ ಮುಂದೆ ಹಿಡಿದರು.

ಆಟೋದವನು ಅಂಕಿಯನ್ನು ಒಮ್ಮೆ, ತನ್ನ ಫೋನನ್ನು ಒಮ್ಮೆ, ಬಂದರಿನ ದಿಕ್ಕನ್ನು ಒಮ್ಮೆ ನೋಡಿದ.

"ಹಾಗಾದ್ರೆ ನಾನು ಯಾಕೆ ಸರ್ ಇಲ್ಲಿ ಆಟೋ ಓಡಿಸುವುದು? ಒಂದು ದೋಣಿ ತಕೊಳ್ಳುವ."